ಗಯಾದಲ್ಲಿ ಬಿಟ್ಟುಬಂದ ಹಣ್ಣು

ಮೊನ್ನೆ ತಿ. ನರಸೀಪುರದಿಂದ ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಿತ್ತಳೆಹಣ್ಣು ಸುಲಿದಳು. ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಲ್ಲಿ ನೀರೂರಿತು, ಎದೆಯಲ್ಲಿ ಉರಿಯೂ ಶುರುವಾಯಿತು. ತಿನ್ನುವ ಮೊದಲೇ ಉರಿ! ಐವತ್ತು ದಾಟಿದ ಮೇಲೆ ನನ್ನ ಹೊಟ್ಟೆಗೆ ಇಂಥ ಕೊಬ್ಬು ಬಂದಿದೆ. “ತಕಳಿ ಅಕ್ಕಾ, ಸಕ್ರೆ ಇದ್ದಂಗದೆ ಅಣ್ಣು” ಎಂದು ಆಕೆ ಎರಡು ತೊಳೆ ನೀಡಿದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ನೆನಪಾದದ್ದು ನಮ್ಮ ಎದುರುಮನೆ ಅತ್ತೆ...

ಅತ್ತೆ ಎಂದರೆ ನೆಂಟರೇನಲ್ಲ. ನಾನು ಹುಟ್ಟಿ ಬೆಳೆದ ನರಸೀಪುರದ ಬೀದಿಯಲ್ಲಿ ಎದುರುಮನೆಯವರು, ಅಷ್ಟೆ. ಅವರ ಯಜಮಾನರನ್ನು ಮಾವ ಎನ್ನುತ್ತಿದ್ದೆ. ನಂಜನಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರು. ಅತ್ತೆಯದು ಬಲು ನಾಜೂಕಿನ ಹೊಟ್ಟೆ. ಒಂದು ತೊಳೆ ಕಿತ್ತಳೆ ಒಳಗೆ ಹೋದರೆ ಸಾಕು, ಹುಳಿತೇಗು, ಎದೆಯುರಿ; ಕಂಬಕ್ಕೆ ಒರಗಿ ಕೂತುಬಿಡುವರು. ಆದರೂ ನಾಲಿಗೆಗೆ ಅದೇ ಬೇಕು! ಕದ್ದು ತಿಂದು, ಸಿಪ್ಪೆಯನ್ನು ನಮ್ಮ ಹಿತ್ತಲಿಗೆ ತಂದು ಎಸೆಯುವರು. ಸಿಪ್ಪೆಯೇನೋ ಸರಿ, ಕೈಯ ವಾಸನೆಯನ್ನು ಎಲ್ಲಿ ಬಚ್ಚಿಡುವುದು? ಮಾವನಿಗೆ ತಟ್ಟೆ ಕೊಡುವ ಹೊತ್ತಿಗೆ ಕಳ್ಳತನ ಬಯಲಾಗುತ್ತಿತ್ತು.

ಹುಳಿಹಣ್ಣು ಮುಟ್ಟಲೇಬೇಡಿ ಎಂದರು ಡಾಕ್ಟರು. ಅತ್ತೆಗೆ ಒಗ್ಗುತ್ತಿದ್ದದ್ದು ಬಾಳೆಹಣ್ಣು ಒಂದೇ. ಅಂದಿನಿಂದ ಪ್ರತಿ ಶನಿವಾರ ಬಸ್ಸಿಳಿದು ಬರುವ ಮಾವನ ಕೈಯಲ್ಲಿ ರಸಬಾಳೆಯ ಚಿಪ್ಪು. ಹೆಂಡತಿಗೆ ಒಂದು ಮೊಳ ಹೂ ತರಲು ನಾಚುತ್ತಿದ್ದ ಮನುಷ್ಯ, ಹಣ್ಣನ್ನು ಮಾತ್ರ ಬೀದಿಗೆಲ್ಲ ಕಾಣುವಂತೆ ಹಿಡಿದು ಬರುವರು. ಊಟವಾದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಒಂದು ಹಣ್ಣನ್ನು ಅರ್ಧರ್ಧ ತಿನ್ನುವುದನ್ನು ನಮ್ಮ ಕಿಟಕಿಯಿಂದ ನೋಡುತ್ತಿದ್ದೆ.

ಮಾವ ನಿವೃತ್ತರಾದ ವರ್ಷ ಇಬ್ಬರೂ ಕಾಶಿ, ಗಯಾಕ್ಕೆ ಹೊರಟರು. ಗಯಾದಲ್ಲಿ ಹಿರಿಯರ ಕಾರ್ಯ ಮುಗಿಸಿ, ತನಗೆ ಪ್ರಿಯವಾದ ಒಂದು ಹಣ್ಣನ್ನು ಬದುಕಿರುವವರೆಗೂ ಬಿಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಮಾವನಿಗೆ ಒಳಗೊಳಗೇ ಖುಷಿ. “ಈ ಸಲ ಕಿತ್ತಳೆ ಪೀಡೆ ತೊಲಗತ್ತೆ ಕಣಮ್ಮ. ಡಾಕ್ಟರ ಮಾತು ಮೀರ್ತಾಳೆ, ಗಯಾದಲ್ಲಿ ಕೊಟ್ಟ ಮಾತು ಮೀರ್ತಾಳಾ?” ಎಂದು ನಮ್ಮಮ್ಮನಿಗೆ ಹೇಳಿ ಹೋದರು.

ತಿರುಗಿ ಬಂದಾಗ ಗಂಗೆಯ ಗಿಂಡಿ, ಕಾಶಿದಾರ ಇಸಕೊಳ್ಳಲು ಅಮ್ಮನೂ ನಾನೂ ಹೋದೆವು. “ಯಾವ ಹಣ್ಣು ಬಿಟ್ರಿ?” ಎಂದಳು ಅಮ್ಮ. ಅತ್ತೆ ಮನಸ್ಸಿನಲ್ಲೇ ಸಂಕಲ್ಪ ಮಾಡಿಕೊಂಡಿದ್ದರಂತೆ, ಮಾವನಿಗೂ ಹೇಳಿರಲಿಲ್ಲ.

“ರಸಬಾಳೆ” ಎಂದರು.

ಮಾವ ಕೂತಲ್ಲಿಂದ ಎದ್ದೇಬಿಟ್ಟರು. “ತಲೆಗಿಲೆ ಕೆಟ್ಟಿದ್ಯೇನೇ ನಿಂಗೆ? ಒಗ್ಗೋದು ಅದೊಂದೇ, ಅದನ್ನೇ ಬಿಟ್ಟು ಬಂದ್ಯಾ?”

“ಇನ್ನೇನು ಬಿಡ್ಲಿ? ಕಿತ್ತಳೆನ ಡಾಕ್ಟರು ಆಗ್ಲೇ ಬಿಡಿಸಿದ್ರಲ್ಲ. ಹೇಗಿದ್ರೂ ತಿನ್ನಬಾರದ್ದನ್ನ ‘ನಿಮಗೋಸ್ಕರ ಬಿಟ್ಟೆ’ ಅಂತ ಹಿರಿಯರ ಮುಂದೆ ಹೇಳೋಕೆ ನಾಚಿಕೆ ಆಗಲ್ವಾ? ನಂಗೆ ಇಷ್ಟವಾಗಿದ್ದದ್ದು ನೀವು ತರೋ ಹಣ್ಣು.”

ಮಾವ ಒಳಗೆ ಹೋದವರು ನಾವು ಹೊರಡುವವರೆಗೂ ಬರಲಿಲ್ಲ.

ಇದೆಂಥ ಹಟ ಎಂದು ನನಗೆ ಕೆಟ್ಟ ಸಿಟ್ಟು ಬಂದಿತ್ತು. ಈಗಲೂ ಬರುತ್ತದೆ. ಅಲ್ಲಿಂದಾಚೆಗೆ ಶನಿವಾರ ರೂಢಿಯಂತೆ ನಂಜನಗೂಡಿಗೆ ಹೋಗಿ ಬಂದರೂ ಮಾವನ ಕೈ ಬರಿದು. ಗಂಡನ ಸಪ್ಪೆ ಮುಖ ನೋಡಲಾರದೆ ಅತ್ತೆ ಕಿತ್ತಳೆ ಕದಿಯುವುದನ್ನೂ ನಿಲ್ಲಿಸಿದರು. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಕೊಟ್ಟ ಬಾಳೆಹಣ್ಣೆಲ್ಲ ನನ್ನ ಪಾಲಿಗೆ. “ತಿನ್ನೇ, ನಾನು ನೋಡ್ತೀನಿ” ಎಂದು ಎದುರಿಗೇ ಕೂರುವರು...

ಕೊನೆಕೊನೆಗೆ ಅತ್ತೆಗೆ ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಾಳೆಹಣ್ಣು ಕಿವುಚಿ ಕೊಟ್ಟು ನೋಡಿ ಎಂದರು ಡಾಕ್ಟರು. ಮಾವ ತಾವೇ ಕಿವುಚಿ, ಚಮಚ ಹಿಡಿದು ಕೂತರು. “ಪಾಪ ಬಂದ್ರೆ ನಂಗೆ ಬರ್ಲಿ ಕಣೇ, ಒಂದೇ ಒಂದು ಚಮಚ” ಎಂದು ಅಂಗಲಾಚಿದರು. ಅತ್ತೆ ತುಟಿ ಬಿಚ್ಚಲಿಲ್ಲ. ಮಾವನ ಮಣಿಕಟ್ಟನ್ನು ಮಾತ್ರ ಹಿಡಿದುಕೊಂಡಿದ್ದರು. ಆ ವಾರವೇ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಅತ್ತೆಯ ಫೋಟೋದ ಮುಂದೆ ಎಲೆ ಹಾಕಿದರು. ಬಾಳೆಹಣ್ಣು ಇಡಲು ಬಂದವರ ಕೈಯನ್ನು ಮಾವ ತಡೆದರು. “ಅದು ಬೇಡಪ್ಪ, ಬಿಟ್ಟಿದ್ದಾಳೆ.” ಆಮೇಲೆ ಒಳಗಿನಿಂದ ಒಂದು ಕಿತ್ತಳೆ ತಂದು, ತಾವೇ ಸುಲಿದು, ನಾರು ಬಿಡಿಸಿ ತೊಳೆ ತೊಳೆಯಾಗಿ ಎಲೆಯ ತುದಿಗೆ ಜೋಡಿಸಿದರು.

“ತಿನ್ನಲಿ ಬಿಡಿ. ಇನ್ನು ಉರಿಯೋಕೆ ಹೊಟ್ಟೆಯಾದರೂ ಎಲ್ಲಿದೆ?”

ನಮ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅತ್ತುಬಿಟ್ಟೆ.

ಈಗ ಮಾವನೂ ಇಲ್ಲ. ಬಸ್ಸು ನಂಜನಗೂಡಿನ ಹತ್ತಿರ ಬಂದಾಗ ಆ ಎರಡು ತೊಳೆಗಳನ್ನು ಬಾಯಿಗೆ ಹಾಕಿಕೊಂಡೆ. ಸಕ್ಕರೆಯಂತೆ ಸಕ್ಕರೆ, ಅಪ್ಪಟ ಹುಳಿ! ಇಳಿಯುವ ಹೊತ್ತಿಗೆ ಎದೆ ಉರಿಯುತ್ತಿತ್ತು. ಚೀಲದಲ್ಲಿ ಮಾತ್ರೆಯಿತ್ತು, ತೆಗೆಯಲಿಲ್ಲ. ಕೈ ಮೂಸಿ ನೋಡಿಕೊಂಡೆ. ಆ ವಾಸನೆ ಹಿಡಿದು ಬೈಯುತ್ತಿದ್ದವರೂ ಇಲ್ಲ, ಬೈಸಿಕೊಳ್ಳುತ್ತಿದ್ದವರೂ ಇಲ್ಲ...