ಮೆಲ್ಲಗೆ ನಿಲ್ಲಿಸುವವಳು

ಗ್ಲೆನಿಸ್ ತಾನು ಓಡಿಸುತ್ತಿದ್ದ ಶಾಲಾ ಬಸ್ಸನ್ನು ನಿಲ್ಲಿಸಿದರೆ ನಿಂತದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಿಟಕಿಯಾಚೆ ಗೋಧಿ ಹೊಲ ಹಿಂದಕ್ಕೆ ಹರಿಯುವುದು ನಿಂತ ಮೇಲೆಯೇ ಮಕ್ಕಳು ತಲೆ ಎತ್ತಿ ನೋಡುತ್ತಿದ್ದದ್ದು. ನಮ್ಮ ಮೂಂಟಾದ ಅರ್ಧ ಊರು ಅವಳ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡೇ ಬೆಳೆದದ್ದು. ನನ್ನ ಇಬ್ಬರು ಹೆಣ್ಣುಮಕ್ಕಳೂ ಅಷ್ಟೇ. ಬೆಳಿಗ್ಗೆ ನನ್ನ ಬೇಕರಿಯ ಮುಂದೆ ಹತ್ತುವಾಗ ಜಗಳವಾಡುತ್ತಿದ್ದವರು ಸ್ಮಶಾನದ ತಿರುವಿಗೆ ಬರುವಷ್ಟರಲ್ಲಿ ಒಬ್ಬರ ಮೇಲೊಬ್ಬರು ಒರಗಿರುತ್ತಿದ್ದರು.

ಬಸ್ಸಿನ ಕೆಲಸ ಬಿಟ್ಟ ವರ್ಷ ಅವಳೊಂದು ಕಾರು ಕೊಂಡಳು. ಎರಡೇ ಸೀಟಿನ, ಮೇಲ್ಛಾವಣಿ ಮಡಚುವ, ಹಸಿರು ಬಣ್ಣದ ಹಳೇ ಜಪಾನೀ ಕಾರು. ಅಡಿಲೇಡಿನ ತಂಗಿಯ ಮನೆಗೆ ಹೋಗುವ ದಾರಿಯಲ್ಲಿ ಹೊಲಗಳ ನಡುವೆ ರೇಸ್ ಟ್ರ್ಯಾಕ್ ಒಂದಿದೆ. ಎಷ್ಟೋ ವರ್ಷ ಅದರ ಬೇಲಿ ಹತ್ತಿರ ಬಂದಾಗೆಲ್ಲ ಗ್ಲೆನಿಸ್ ಕಿಟಕಿ ಇಳಿಸಿ, ಒಳಗಿಂದ ಬರುವ ಮೊರೆತ ಕೇಳುತ್ತ ನಿಧಾನಕ್ಕೆ ಹಾದು ಹೋಗುತ್ತಿದ್ದಳಂತೆ. ಯಾರಾದರೂ ತಮ್ಮ ಕಾರನ್ನೇ ತಂದು ಓಡಿಸಬಹುದಾದ ದಿನಗಳು ಅಲ್ಲಿರುತ್ತವೆ ಎಂದು ಗೊತ್ತಾದದ್ದೇ, ಹೆಲ್ಮೆಟ್ ಕೊಂಡುಬಿಟ್ಟಳು.

ಮೊದಲ ಸಲ ಹೋದಾಗ ಫ್ಲಾಸ್ಕು, ಬುತ್ತಿ ಹಿಡಿದುಕೊಂಡು ನಾನೂ ಹೋಗಿದ್ದೆ. ನಾಲ್ಕಾರು ಸುತ್ತು ಚೆನ್ನಾಗಿಯೇ ಹೋಯಿತು. ಆಮೇಲೆ ಉದ್ದನೆಯ ನೇರ ದಾರಿಯ ತುದಿಯಲ್ಲಿ ಹಸಿರು ಕಾರು ತಿರುಗಲೇ ಇಲ್ಲ. ನೆಟ್ಟಗೆ ಒಣಹುಲ್ಲಿಗೆ ನುಗ್ಗಿ ದೂಳಿನಲ್ಲಿ ಮಾಯವಾಯಿತು. ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿಹೋಯಿತು.

ದೂಳು ಇಳಿದಾಗ ಅವಳು ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದಳು. ಕಾರನ್ನು ಟ್ರ್ಯಾಕಿನಿಂದ ಆಚೆ ತಂದ ಮೇಲೆ ಓಡಿಹೋಗಿ ಕೇಳಿದೆ, "ಪೆಟ್ಟಾಯ್ತೇನೇ? ಹೆದರಿದ್ಯಾ?"

"ಪೆಡಲ್ ಗಟ್ಟಿಯಾಗೇ ಇತ್ತು ಥೆಲ್ಮಾ. ಒತ್ತಿದೆ, ಒತ್ತಿದೆ, ಕಾರು ಮಾತೇ ಕೇಳಲಿಲ್ಲ," ಎಂದಳು. ಹೆಲ್ಮೆಟ್ ಬಿಚ್ಚುತ್ತ, "ಕನಸಲ್ಲಿ ಓಡ್ತೀವಲ್ಲ, ಕಾಲು ನೆಲಕ್ಕೆ ತಾಗದೆ, ಹಾಗಿತ್ತು ಕಣೇ. ಸದ್ದೇ ಇರಲಿಲ್ಲ."

ನಮ್ಮೂರಿನ ಮೆಕ್ಯಾನಿಕ್ ಲಿಂಡ್ಸೆ ಚಕ್ರ ಬಿಚ್ಚಿ ನೋಡಿ ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಪ್ಯಾಡನ್ನು ಬೆರಳಲ್ಲಿ ಉಜ್ಜಿದ. ಅದು ಗಾಜಿನ ಹಾಗೆ ಹೊಳೆಯುತ್ತಿತ್ತು. "ಬೆಂದು ಹೋಗಿದೆ. ಇದು ಅಂಗಡಿಗೆ ಹೋಗಿ ಹಾಲು ತರೋಕೆ ಮಾಡಿರೋ ಪ್ಯಾಡು, ಪುಣ್ಯಾತ್ಗಿತ್ತಿ," ಎಂದ. ತಾನು ಹರೆಯದಲ್ಲಿ ರೇಸಿಗೆ ಹೋಗುತ್ತಿದ್ದವನಾದ್ದರಿಂದ ಅವನಿಗೆ ಉತ್ಸಾಹ ಬಂದುಬಿಟ್ಟಿತು. ಅಪ್ಪಟ ರೇಸಿನ ಪ್ಯಾಡನ್ನೇ ತರಿಸಿದ. "ಡಿಸ್ಕು ಕೆಂಪಗಾದ್ರೂ ಇದು ಹಿಡಿತ ಬಿಡಲ್ಲ."

"ತಣ್ಣಗಿದ್ದಾಗ?" ಎಂದು ಗ್ಲೆನಿಸ್ ಕೇಳಿದಳು.

"ತಣ್ಣಗಿದ್ದಾಗ ಹಿಡಿತ ಕಮ್ಮಿ. ರೇಸಲ್ಲಿ ಯಾವಾಗ ತಣ್ಣಗಿರುತ್ತೆ?"

ಆ ಪ್ಯಾಡ್ ಹಾಕಿದ ಮೇಲೆ ಗ್ಲೆನಿಸ್ ಬರುವುದು ಇಡೀ ಬೀದಿಗೆ ಗೊತ್ತಾಗತೊಡಗಿತು. ಬೇಕರಿಯ ಮುಂದೆ ಬ್ರೇಕ್ ಒತ್ತಿದರೆ ಆ ಕಿರುಚಾಟಕ್ಕೆ ನಾಯಿಗಳೆಲ್ಲ ಊಳಿಡುತ್ತಿದ್ದವು. "ನಿನ್ನ ಕಾರಿಗೆ ಹಲ್ಲುನೋವೇನೇ?" ಎಂದು ನಾನು ಛೇಡಿಸಿದೆ. ಅವಳು ನಗಲಿಲ್ಲ. ನಿದ್ದೆಗೆಟ್ಟವಳ ಹಾಗೆ ಕಾಣುತ್ತಿದ್ದಳು.

ವಸಂತದ ಒಂದು ಬೆಳಿಗ್ಗೆ ಈಜಲು ಸಮುದ್ರಕ್ಕೆ ಹೊರಟಿದ್ದೆವು. ಆಗಷ್ಟೇ ಮನೆ ಬಿಟ್ಟಿದ್ದೆವು. ಬಿಸಿಲು ಕಾಯಲು ದಪ್ಪ ಹಲ್ಲಿಗಳು ರಸ್ತೆಗೆ ಬರುವ ಕಾಲ ಅದು. ನಾವು ಅವನ್ನು ನಿದ್ದೆಗಣ್ಣಿನ ಹಲ್ಲಿ ಎನ್ನುತ್ತೇವೆ. ಯಾರು ಬಂದರೂ ಅವಸರವಿಲ್ಲ ಅವಕ್ಕೆ. ಅಂಥದೊಂದು ನಡುರಸ್ತೆಯಲ್ಲಿತ್ತು. ಗ್ಲೆನಿಸ್ ಬ್ರೇಕ್ ಒತ್ತಿದಳು. ಕಾರು ನರಳಿತು, ಆದರೆ ಜಾರಿಕೊಂಡು ಮುಂದೆ ಹೋಗುತ್ತಲೇ ಇತ್ತು. ಹಲ್ಲಿ ಬಾನೆಟ್ಟಿನ ಅಡಿಗೆ ಹೋದದ್ದನ್ನು ಇಬ್ಬರೂ ನೋಡಿದೆವು.

ಇಳಿಯಲು ಧೈರ್ಯವಾಗಲಿಲ್ಲ. ಕೊನೆಗೆ ನಾನೇ ಇಳಿದು ಬಗ್ಗಿ ನೋಡಿದೆ. ನಾಲ್ಕು ಚಕ್ರಗಳ ನಡುವೆ ಅದು ಆರಾಮಾಗಿತ್ತು! ನನ್ನ ಕಡೆ ತಿರುಗಿ ಬಾಯಿ ತೆರೆದು ನೀಲಿ ನಾಲಿಗೆ ತೋರಿಸಿತು. ನಾನು ನಕ್ಕುಬಿಟ್ಟೆ. ಗ್ಲೆನಿಸ್ ಮಾತ್ರ ಇಳಿದು ಬಂದು ರಸ್ತೆಯಂಚಿನ ಜಲ್ಲಿಯ ಮೇಲೆ ಕೂತುಬಿಟ್ಟಳು.

"ಬಸ್ಸಲ್ಲಿ ಇಷ್ಟು ವರ್ಷ ಒಂದನ್ನೂ ತುಳಿಸಿಲ್ಲ ಕಣೇ," ಎಂದಳು.

ಈಜು ಅಲ್ಲಿಗೇ ಬಿಟ್ಟು ನೇರ ಲಿಂಡ್ಸೆ ಗ್ಯಾರೇಜಿಗೆ ಹೋದೆವು. ಅವನು ತಲೆ ಕೆರೆದುಕೊಂಡ. "ಟ್ರ್ಯಾಕಿಗೆ ಹೋಗಿ ಅಲ್ಲೇ ಪ್ಯಾಡ್ ಬದಲಾಯಿಸಿಕೊ. ಎರಡು ಜೊತೆ ಇಟ್ಟುಕೊಂಡರಾಯ್ತು."

"ನನ್ನ ಬೆನ್ನು ನೋಡಿ ಹೇಳು ಆ ಮಾತನ್ನ. ಬಗ್ಗಿ ಚಕ್ರ ಬಿಚ್ಚೋಕೆ ಆಗುತ್ತಾ ನನಗೆ? ತಣ್ಣಗಿದ್ದಾಗಲೂ ಹಿಡೀಬೇಕು, ಕಾದಾಗಲೂ ಬಿಡಬಾರದು. ಅಂಥದ್ದು ಇದೆಯೋ ಇಲ್ವೋ?"

"ಇದೆ. ಆದ್ರೆ ಎರಡೂ ಕಡೆ ಅರೆಬರೆ."

"ನಾನೂ ಅರೆಬರೆನೇ ಮಾರಾಯ. ಅದನ್ನೇ ಹಾಕು."

ಲಿಂಡ್ಸೆ ಗೊಣಗಿದನಾದರೂ ನಡುವಿನ ಬಗೆಯದನ್ನು ಹುಡುಕಿ ತರಿಸಿದ. ಬೀದಿಗೂ ಆಗುವಂಥದ್ದು, ಟ್ರ್ಯಾಕಿನ ಬಿಸಿಯನ್ನೂ ಸಾಕಷ್ಟು ತಾಳುವಂಥದ್ದು. ಜೊತೆಗೆ ಬೇಗ ಕುದಿಯದ ಹೊಸ ಬ್ರೇಕ್ ಆಯಿಲ್ ತುಂಬಿದ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು, ಅದಕ್ಕೆ ಜೋರಾಗಿ ಹೋಗುವುದು, ಒತ್ತುವುದು, ಪೂರ್ತಿ ನಿಲ್ಲುವ ಮೊದಲೇ ಬಿಡುವುದು, ಹೀಗೇ ಮಾಡುತ್ತಿರಬೇಕು ಎಂದ.

ಹೊಸ ಪ್ಯಾಡು ಹಾಕಿಸಿದ ಮಧ್ಯಾಹ್ನ ಉಪ್ಪಿನ ಕೆರೆಯ ಪಕ್ಕದ ರಸ್ತೆಯಲ್ಲಿ ನಾವಿಬ್ಬರೇ. ಛಾವಣಿ ತೆರೆದಿತ್ತು. ಬಿಸಿಲಿಗೆ ದೂರದ ಗೋಧಿ ಕಣಜಗಳು ನೆಲ ಬಿಟ್ಟು ಗಾಳಿಯಲ್ಲಿ ತೇಲುತ್ತಿದ್ದವು. ವೇಗ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಯಾರೋ ತೊಟ್ಟಿಲು ತೂಗಿದ ಹಾಗೆ. ಕಮಟು ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಹೋಯಿತು. ಆಮೇಲೆ ಬ್ರೇಕ್ ಮುಟ್ಟದೆ ಬಹಳ ದೂರ ಸುಮ್ಮನೆ ಸಾಗಿದೆವು, ಗಾಳಿಗೆ ಅದು ಆರಲಿ ಎಂದು. ಕೆರೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು.

ಎರಡನೇ ಸಲ ಟ್ರ್ಯಾಕಿಗೆ ಹೋದಾಗ ಅಲ್ಲಿ ಕಲಿಸುವ ಡೆಸ್ಪಿನಾ ಎಂಬ ಹೆಂಗಸು ಗ್ಲೆನಿಸ್ ಪಕ್ಕ ಕೂತಳು. ಮೊದಲ ತಿರುವಿಗೇ ಕೇಳಿದಳಂತೆ, "ಹಿಂದೆ ಯಾರಾದ್ರೂ ಮಲಗಿದಾರಾ ಅಮ್ಮ?"

"ಈ ಕಾರಿಗೆ ಹಿಂದಿನ ಸೀಟೇ ಇಲ್ವಲ್ಲ!"

"ಮತ್ತೆ ಯಾರಿಗೆ ಎಚ್ಚರ ಆದೀತು ಅಂತ ಹೀಗೆ ಒತ್ತುತ್ತಿದೀರಾ? ಅಷ್ಟು ದೂರದಿಂದ ಮೆತ್ತಗೆ ಉಜ್ಜಿಕೊಂಡು ಬಂದ್ರೆ ಯಾವ ಪ್ಯಾಡಾದ್ರೂ ಬೇಯುತ್ತೆ. ತಡವಾಗಿ ಒತ್ತಿ. ಗಟ್ಟಿಯಾಗಿ ಒತ್ತಿ. ಆಮೇಲೆ ಬಿಟ್ಟುಬಿಡಿ, ಉಸಿರಾಡಲಿ ಅದು."

ಗ್ಲೆನಿಸ್‌ಗೆ ಹಾಗೆ ಒತ್ತಲು ಕಾಲೇ ಬರಲಿಲ್ಲವಂತೆ. ಒಂದು ಸುತ್ತು, ಇನ್ನೊಂದು ಸುತ್ತು, ಪಾದ ಹಳೇ ಚಾಳಿಗೇ ಹೋಗುತ್ತಿತ್ತು. "ಈಗ!" ಎಂದು ಡೆಸ್ಪಿನಾ ಕೂಗಿದಾಗ ಕಣ್ಣು ಮುಚ್ಚುವುದೊಂದು ಬಾಕಿ, ಮೈಯೆಲ್ಲ ಕಾಲಿಗೆ ಇಳಿಸಿ ಒತ್ತಿದಳು. ಬೇಲಿಯ ಈಚೆ ನಿಂತಿದ್ದ ನನಗೂ ಕಾಣಿಸಿತು. ಕಾರು ಮೂಗು ತಗ್ಗಿಸಿತು, ಹಿಡಿಯಿತು, ತಿರುವಿನೊಳಕ್ಕೆ ಹೊಕ್ಕಿತು. ಎಂಜಿನ್ನಿನ ಸದ್ದಿನ ಮೇಲೆ ಇನ್ನೇನೋ ಕೇಳಿಸಿತು. ಅವಳ ಕೂಗು ಅದು. ಇಷ್ಟು ವರ್ಷಗಳ ಗೆಳೆತನದಲ್ಲಿ ಅವಳು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಟ್ರ್ಯಾಕಿನಿಂದ ಆಚೆ ಬಂದು ಇಳಿದಾಗ ಕೆನ್ನೆ ಕೆಂಪಾಗಿತ್ತು. "ಅಲ್ಲಿ ಯಾರೂ ಇರಲಿಲ್ಲ ಥೆಲ್ಮಾ," ಎಂದಳು. "ಯಾರ ನಿದ್ದೆಯೂ ಇರಲಿಲ್ಲ. ನಾನೊಬ್ಬಳೇ ಇದ್ದೆ." ಹೇಳುತ್ತಲೇ ಅತ್ತಳು, ಅಳುತ್ತಲೇ ನನ್ನ ಕೈಯಲ್ಲಿದ್ದ ಪಾಸ್ಟಿ ಕಡುಬು ಕಿತ್ತುಕೊಂಡು ತಿಂದಳು.

ಗ್ಲೆನಿಸ್ ಈಗಲೂ ಟ್ರ್ಯಾಕಿಗೆ ಹೋಗುತ್ತಾಳೆ. ಅವಳಿಗಿಂತ ನಿಧಾನದವರು ಅಲ್ಲಿ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಲಿಂಡ್ಸೆ ಆಗಾಗ ಚಕ್ರದೊಳಗೆ ಇಣುಕಿ, ರೇಸಿನ ಪ್ಯಾಡ್ ಇದ್ದಿದ್ದರೆ ನೀನು ಇನ್ನೂ ಬೇಗ ಹೋಗುತ್ತಿದ್ದೆ ಎಂದು ಕೆಣಕುತ್ತಾನೆ. "ಬೇಗ ಯಾರಿಗೆ ಬೇಕಿತ್ತು?" ಎನ್ನುತ್ತಾಳೆ ಅವಳು.

ಕಳೆದ ಶರತ್ಕಾಲದಲ್ಲಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದಳು. ನೇರ ದಾರಿಯ ತುದಿ ನಮ್ಮತ್ತ ಓಡಿ ಬರುತ್ತಿತ್ತು. ಒತ್ತೇ, ಒತ್ತೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒತ್ತಲಿಲ್ಲ. ಇನ್ನೂ ಒತ್ತಲಿಲ್ಲ. ಆಮೇಲೆ ಬೆಲ್ಟು ಎದೆಗೆ ಬಿಗಿದು, ಲೋಕವೆಲ್ಲ ಒಮ್ಮೆಲೇ ಹತ್ತಿರ ಬಂದು ನಿಂತಂತಾಯಿತು. ಹುಲ್ಲಿನ ಒಂದೊಂದು ಎಸಳೂ ಬೇರೆ ಬೇರೆಯಾಗಿ ಕಾಣಿಸಿತು.

"ಮತ್ತೊಂದು ಸುತ್ತು?" ಎಂದಳು ಗ್ಲೆನಿಸ್.

ಹೂಂ ಎಂದೆ.