ಜಿಂಕೆ ಎಂದು ತಿದ್ದಿ ಬರೆದ ವಾಕ್ಯ

ನಿನ್ನೆ ರಾಯಚೂರಿನ ಸಿಟಿ ಬಸ್ಸಿನಲ್ಲಿ ಪಕ್ಕದ ಹುಡುಗಿ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು: ಸ್ವಿಫ್ಟ್, ಅಜೈಲ್, ನಿಂಬಲ್. ಕೊನೆಯ ಪದ ಕೇಳಿ ಅವಳ ಪುಸ್ತಕದತ್ತ ತಿರುಗಿದೆ.

ದೇವದುರ್ಗದ ಕಡೆ ನಮ್ಮೂರಿನ ಶಾಲೆಯಲ್ಲಿ ಮೇಷ್ಟ್ರು, ನಿಂಬಲ್ ಎಂದರೆ ಹಗುರಾಗಿ, ಚುರುಕಾಗಿ ಆಡುವುದು ಎಂದು ಹೇಳಿ ಒಂದು ವಾಕ್ಯ ಬರೆಸಿದ್ದರು. ಎಲ್ಲರೂ ಜಿಂಕೆಯ ಬಗ್ಗೆ ಬರೆದರು. ನಾನು ನಮ್ಮವ್ವನ ಬೆರಳುಗಳ ಬಗ್ಗೆ ಬರೆದೆ. ಹತ್ತಿ ಬಿಡಿಸುವಾಗ ಅವಳ ಎರಡು ಕೈ ಎರಡು ಗಿಡಗಳ ಮೇಲೆ ಒಟ್ಟಿಗೇ ಓಡುತ್ತಿದ್ದವು. ಅರಳೆಗೆ ಒಂದು ಒಣ ಎಲೆಯೂ ಅಂಟುತ್ತಿರಲಿಲ್ಲ.

“ಕೂಲಿ ಮಾಡಾಕಿಗಿ ಯಾಕಬೇ ಇಂಗ್ಲಿಷು? ಜಿಂಕಿ ಅಂತ ಬರಿ,” ಎಂದು ಮೇಷ್ಟ್ರು ನನ್ನ ವಾಕ್ಯದ ಮೇಲೆ ಗೀಟು ಹಾಕಿದರು. ಎಲ್ಲರೂ ನಕ್ಕರು. ಜಿಂಕೆಗೆ ಸಲ್ಲುವ ಮಾತು ನಮ್ಮವ್ವನಿಗೆ ಏಕೆ ಸಲ್ಲದು ಎಂದು ನಾನು ಕೇಳಲಿಲ್ಲ. ತಿದ್ದಿ ಬರೆದೆ.

ಸಂಜೆ ಅವ್ವ, “ಏನ್ ಬರ್ದೀಬೇ, ಓದು ಕೇಳೋಣು,” ಎಂದಳು. ಓದಿದೆ.

“ಹಂಗಂದ್ರೇನು?”

“ಜಿಂಕಿ ಭಾಳ ಚುರುಕ್ ಇರ್ತದಂತ, ಯವ್ವಾ.”

“ಖರೇನ ಅದ,” ಎಂದು ಗೀರು ಬಿದ್ದ ಬೆರಳುಗಳಿಂದ ನನ್ನ ತಲೆ ಸವರಿದಳು. ನಾನು ಗೋಡೆಯತ್ತ ತಿರುಗಿ ಕುಳಿತೆ.

ಅವ್ವ ಹೋಗಿ ಬಹಳ ವರ್ಷವಾಯಿತು. ಮೇಷ್ಟ್ರ ಮೇಲಿನ ಸಿಟ್ಟನ್ನು ಹಲವರೆದುರು ಹೇಳಿಕೊಂಡಿದ್ದೇನೆ. ನಾನು ಮೊದಲು ಬರೆದದ್ದೇನೆಂದು ಅವಳಿಗೆ ಮಾತ್ರ ಹೇಳಲೇ ಇಲ್ಲ.