ಟವರ್ ಮೇಲೆ ಎಳೆದ ಹಗ್ಗ

ದೆವ್ವ, ಪವಾಡ ಅಂತ ಯಾರಾದರೂ ಶುರು ಮಾಡಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ಈಗ ನಂಬಿಬಿಟ್ಟಿದ್ದೇನೆ ಎಂದಲ್ಲ. ಆದರೆ ಚಳ್ಳಕೆರೆಯ ಆ ಒಂದು ಸಂಜೆಯ ಲೆಕ್ಕ ಮಾತ್ರ ನನಗಿನ್ನೂ ಸಿಕ್ಕಿಲ್ಲ. ನೀವೂ ಕೇಳಿ, ಏನಾದರೂ ಹೊಳೆದರೆ ಹೇಳಿ.

ತೊಂಬತ್ತರ ದಶಕದ ಮಾತು. ನಾನು ಟೆಲಿಫೋನ್ ಟವರ್ ಹತ್ತುವ ಕೆಲಸದಲ್ಲಿದ್ದೆ. ಜೊತೆಗಿದ್ದವರು ಮೆಕ್ಯಾನಿಕ್ ಜಬ್ಬಾರ್ ಭಾಯ್, ನನಗಿಂತ ಬಹಳ ಹಿರಿಯರು. ಬೈದುಕೊಂಡೇ ಕೆಲಸ ಕಲಿಸಿದರು, ಬುತ್ತಿ ಬಿಚ್ಚಿದರೆ ಮೊದಲ ತುತ್ತು ಮಾತ್ರ ನನಗೇ.

ಹಿಂದಿನ ದಿನದ ಬಿರುಗಾಳಿಗೆ ನಮ್ಮ ಚಳ್ಳಕೆರೆ ಟವರಿನಲ್ಲಿ ಮೊಳಕಾಲ್ಮೂರಿನ ಕಡೆ ಮುಖ ಮಾಡಿದ್ದ ಡಿಶ್ ತಿರುಗಿಹೋಗಿ, ಆ ಊರಿನ ಲೈನೆಲ್ಲ ಸತ್ತಿತ್ತು. ಜಬ್ಬಾರ್ ಭಾಯ್ ಮಗಳು ಅಲ್ಲೇ ಗಂಡನ ಮನೆಯಲ್ಲಿ ತುಂಬು ಬಸುರಿ. ಹೆರಿಗೆ ಕಷ್ಟವಾದರೆ ಫೋನ್ ಮಾಡುತ್ತೇನೆ, ಆಫೀಸಿನ ಜೀಪ್ ತನ್ನಿ ಎಂದು ಅಳಿಯ ಹೇಳಿದ್ದನಂತೆ.

"ಲೇ ತಮ್ಮಾ, ಕತ್ತಲಾಗೋದ್ರೊಳಗೆ ಲೈನ್ ಹಿಡೀಬೇಕು ಕಣಲೇ," ಎಂದರು.

ಡಿಶ್ ಇರುವುದು ಮೇಲೆ, ಸಿಗ್ನಲ್ ತೋರಿಸುವ ಮೀಟರ್ ಕೆಳಗಿನ ಕೋಣೆಯಲ್ಲಿ. ವಾಕಿಟಾಕಿ ಎಲ್ಲ ದೊಡ್ಡ ಊರಿನವರಿಗೆ, ನಮಗೆ ಹಗ್ಗವೇ ಗತಿ. ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಮೀಟರ್ ನೋಡುವ ಜಬ್ಬಾರ್ ಭಾಯ್ ಕೈಗೆ. ಒಂದು ಸಲ ಎಳೆದರೆ ಎಡಕ್ಕೆ, ಎರಡು ಸಲ ಎಳೆದರೆ ಬಲಕ್ಕೆ, ಜಗ್ಗಿ ಹಿಡಿದರೆ ನಿಲ್ಲಿಸು ಎಂದರ್ಥ.

ಬೋಲ್ಟ್ ಸಡಿಲಿಸಿದೆ. ಹಗ್ಗ ಒಂದು ಸಲ ಎಳೆಯಿತು, ಎಡಕ್ಕೆ ತಿರುಗಿಸಿದೆ. ಮತ್ತೆ ಒಂದು. ಮತ್ತೆ ಒಂದು. ನನ್ನ ಅಂದಾಜು ದಾಟಿತ್ತು. ಮಗಳ ಚಿಂತೆಯಲ್ಲಿ ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡೆ, ಆದರೂ ತಿರುಗಿಸಿದೆ. ಆಮೇಲೆ ಎರಡು ಸಲ ಎಳೆಯಿತು. ಕೂದಲೆಳೆಯಷ್ಟು ಬಲಕ್ಕೆ ತಂದೆ. ಹಗ್ಗ ಜಗ್ಗಿ ನಿಂತಿತು. ಬೋಲ್ಟ್ ಬಿಗಿದು, ಸೊಂಟದ ಹಗ್ಗ ಬಿಚ್ಚಿ ಕಂಬಿಗೆ ಕಟ್ಟಿ ಇಳಿದೆ.

ಅರ್ಧ ಇಳಿದು ನೋಡಿದರೆ ಹಗ್ಗ ಅಲ್ಲೇ ಮುಗಿದಿತ್ತು. ಕಿತ್ತುಹೋದ ತುದಿ ಗಾಳಿಗೆ ಆಡುತ್ತಿತ್ತು.

ಕೆಳಗೆ ಜಬ್ಬಾರ್ ಭಾಯ್ ಉಳಿದರ್ಧ ಹಿಡಿದು ನಿಂತಿದ್ದರು. "ಮೊದ್ಲು ಎಳ್ದಾಗ್ಲೇ ಕಿತ್ಕಂಡು ಬಂತಲ್ಲೋ! ಆವಾಗಿಂದ ಬಾಯಿ ಹರ್ಕಂತಾ ಇದೀನಿ, ನಿಂಗೆ ಕೇಳಿಸ್ಲಿಲ್ವಾ?"

"ಮತ್ತೆ ಎಳೆದೋರು ಯಾರು?" ಎಂದು ಕೇಳುವಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು. ಓಡಿದೆವು. ಮೀಟರಿನ ಮುಳ್ಳು ತುದಿ ಮುಟ್ಟಿತ್ತು, ಸಿಗ್ನಲ್ ಪೂರ್ತಿ ಬಂದಿತ್ತು. ಫೋನಿನಲ್ಲಿ ಅಳಿಯ ಅಳುತ್ತಿದ್ದ.

ಜೀಪ್ ಆ ಕ್ಷಣವೇ ಹೊರಟಿತು. ತಾಯಿ, ಮಗು ಇಬ್ಬರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರಂತೆ ಡಾಕ್ಟರು.

ಗಾಳಿಯೇ ಎಳೆದಿರಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಗಾಳಿಗೆ ಎಡ ಬಲ ಕಲಿಸಿದವರು ಯಾರು? ಜಬ್ಬಾರ್ ಭಾಯ್‌ನ ಕೇಳಿದರೆ ಆಕಾಶ ತೋರಿಸಿ ಬೀಡಿ ಹಚ್ಚುತ್ತಿದ್ದರು.

ಅವರು ಈಗಿಲ್ಲ. ಈಚೆಗೆ, ಅವತ್ತು ಹುಟ್ಟಿದ ಅವರ ಮೊಮ್ಮಗಳ ಮದುವೆಗೆ ಹೋಗಿದ್ದೆ. ಹುಡುಗಿ ಸಲಾಂ ಮಾಡಿ, "ಅವತ್ತು ಲೈನ್ ಹಿಡ್ದಿದ್ದು ನೀವೇ ಅಂತೆ, ನಮ್ಮ ನಾನಾ ಯಾವಾಗ್ಲೂ ಹೇಳ್ತಿದ್ರು," ಎಂದು ಅಜ್ಜನನ್ನು ನೆನೆದಳು.

ಹೌದಮ್ಮ ಎಂದೆ. ಹೌದೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.